ಯಾವ ಷೇರು ತಗೊಳ್ಳಲಿ, ಅಂಕಲ್?



ಕಳೆದ ತಿಂಗಳು ಸಂಘದ ಸಭಾಗೃಹದಲ್ಲಿ ಯಕ್ಷಗಾನ ಮುಗಿದು ಎಲ್ಲರೂ ಚಹಾಕ್ಕೆ ನಿಂತಿದ್ದಾಗ ಒಬ್ಬ ಹುಡುಗ ನನ್ನ ಬಳಿ ಬಂದ. ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದುವುದು ತುಸು ನಿಧಾನ. ಐಟಿ ಕಂಪನಿಗೆ ಸೇರಿ ಆರು ತಿಂಗಳಾಗಿದೆ. "ನೀವು ಬ್ಯಾಂಕಿನಲ್ಲಿದ್ದವರಲ್ವಾ ಅಂಕಲ್, ಯಾವ ಷೇರು ತಗೊಳ್ಳಲಿ?" ಎಂದು ಕೇಳಿದ. ಉತ್ತರ ಹೇಳದೆ ನಾನೇ ಅವನನ್ನು ಕೇಳಿದೆ: "ಈ ಹಣ ನಿನಗೆ ಯಾವಾಗ ಬೇಕು?" ಅವನು ಅದನ್ನು ಯೋಚಿಸಿಯೇ ಇರಲಿಲ್ಲ.

ಅವನನ್ನು ದೂರುವ ಅಧಿಕಾರ ನನಗಿಲ್ಲ. 1992ರ ಮಾರ್ಚ್‌ನಲ್ಲಿ ನಾನೂ ಯೋಚಿಸಿರಲಿಲ್ಲ. ಹರ್ಷದ್ ಮೆಹ್ತಾನ ಭರಾಟೆಯ ದಿನಗಳವು. ಲೋಕಲ್ ರೈಲಿನಲ್ಲಿ ಇಸ್ಪೀಟು ಬಿಟ್ಟು ಜನ ಷೇರು ಮಾತಾಡುತ್ತಿದ್ದರು. ತಂಗಿಯ ಮದುವೆಗೆಂದು ತೆಗೆದಿಟ್ಟಿದ್ದ 18 ಸಾವಿರ ರೂಪಾಯಿಯನ್ನು ಒಂದೇ ಕಂಪನಿಯಲ್ಲಿ ಹಾಕಿದೆ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವನೇ ಹೀಗೆ! ಏಪ್ರಿಲಿನಲ್ಲಿ ಸೆನ್ಸೆಕ್ಸ್ 4,400 ದಾಟಿತು. ಅದೇ ತಿಂಗಳ ಕೊನೆಯಲ್ಲಿ ಹಗರಣ ಹೊರಬಿತ್ತು. ಆಗಸ್ಟ್ ಹೊತ್ತಿಗೆ ಸೂಚ್ಯಂಕ 3,000ಕ್ಕೂ ಕೆಳಗಿತ್ತು. ಮದುವೆ ನವೆಂಬರಿನಲ್ಲಿ. ಇದ್ದ ಷೇರನ್ನೆಲ್ಲ ಮಾರಿದಾಗ ಕೈಗೆ ಬಂದದ್ದು ಒಂಬತ್ತು ಸಾವಿರ ಚಿಲ್ಲರೆ. ಅಮ್ಮ ಏನೂ ಹೇಳಲಿಲ್ಲ, ಎರಡು ಬಳೆ ತೆಗೆದು ಮೇಜಿನ ಮೇಲಿಟ್ಟರು.

1994ರಲ್ಲಿ ಸೂಚ್ಯಂಕ ಮತ್ತೆ ಆ ಎತ್ತರವನ್ನು ಮುಟ್ಟಿತು. ಕಾಯಲು ನನಗೆ ಎರಡು ವರ್ಷವಿರಲಿಲ್ಲ, ಎಂಟೇ ತಿಂಗಳಿತ್ತು. ಎಂಟು ತಿಂಗಳಲ್ಲಿ ಬೇಕಾದ ಹಣ ಷೇರಿಗೆ ಹೋಗಬಾರದಿತ್ತು, ಅಷ್ಟೇ. 2008ರಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯಿತು. ಜನವರಿಯಲ್ಲಿ 21,000ದ ಹತ್ತಿರವಿದ್ದ ಸೆನ್ಸೆಕ್ಸ್ ಅಕ್ಟೋಬರಿನಲ್ಲಿ 9,000ಕ್ಕಿಂತ ಕೆಳಗೆ ಬಂತು. 2010ರ ನವೆಂಬರಿನಲ್ಲಿ ಮತ್ತೆ 21,000ದ ಹತ್ತಿರ. ಒಂದೊಂದು ಕಂಪನಿ ಹೀಗೆ ಮರಳಿ ಬರುತ್ತದೆಂಬ ಖಾತರಿ ಮಾತ್ರ ಇಲ್ಲ. ಎಷ್ಟೋ ಕಂಪನಿಗಳು ಮುಳುಗಿದ್ದು ಮುಳುಗಿಯೇ ಹೋದವು.

ಆದ್ದರಿಂದ ಮೊದಲು ಆರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿಡಿ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇರುವುದು 2020ರ ಫೆಬ್ರವರಿಯಿಂದ. ಅದಕ್ಕೆ ಮೊದಲು ಒಂದೇ ಲಕ್ಷ. ಆರೋಗ್ಯ ವಿಮೆ ಮಾಡಿಸಿ. ಇವೆರಡೂ ಆಗುವ ತನಕ ಷೇರಿನ ಮಾತು ಬೇಡ.

"ಅಪ್ಪ ಎಫ್‌ಡಿ, ಪಿಪಿಎಫ್ ಬಿಟ್ಟು ಏನೂ ಮಾಡಲಿಲ್ಲ, ಚೆನ್ನಾಗಿಯೇ ಇದ್ದಾರೆ" ಎನ್ನುವವರೂ ನಿಮ್ಮಲ್ಲಿದ್ದೀರಿ. ನಿಜ. ಆದರೆ ಅವರ ಕಾಲದಲ್ಲಿ, 1990ರ ದಶಕದುದ್ದಕ್ಕೂ, ಪಿಪಿಎಫ್ ಶೇ. 12 ಬಡ್ಡಿ ಕೊಡುತ್ತಿತ್ತು. 2020ರ ಏಪ್ರಿಲಿನಲ್ಲಿ ಅದು ಶೇ. 7.1ಕ್ಕೆ ಇಳಿಯಿತು. (ಆಗ ಬೆಲೆಗಳೂ ಜೋರಾಗಿಯೇ ಏರುತ್ತಿದ್ದವು, ಅಪ್ಪ ಅದನ್ನು ಮರೆತಿರಬಹುದು.) 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷದಲ್ಲಿ ಇಮ್ಮಡಿಯಾಗುತ್ತದೆಂದು ಸುಮಾರಾಗಿ ಸಿಗುತ್ತದೆ. ಶೇ. 8 ಬಂದರೆ ಒಂಬತ್ತು ವರ್ಷ. 23ನೇ ವಯಸ್ಸಿನಲ್ಲಿಟ್ಟ ಹತ್ತು ಸಾವಿರ 59ಕ್ಕೆ ಒಂದು ಲಕ್ಷ ಅರವತ್ತು ಸಾವಿರವಾಗುತ್ತದೆ. 32ರಲ್ಲಿಟ್ಟರೆ ಎಂಬತ್ತು ಸಾವಿರ ಮಾತ್ರ. ಇದೇ ಲೆಕ್ಕ ಬೆಲೆಯೇರಿಕೆಗೂ ಸಲ್ಲುತ್ತದೆ: ಬೆಲೆ ವರ್ಷಕ್ಕೆ ಶೇ. 6ರಂತೆ ಏರಿದರೆ ಇಂದಿನ ನೂರರ ನೋಟು ಹನ್ನೆರಡು ವರ್ಷದಲ್ಲಿ ಐವತ್ತರಷ್ಟೇ ಸಾಮಾನು ತರುತ್ತದೆ.

ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಾಕುವ 'ಸಿಪ್' ಎಂಬುದನ್ನು ನೀವು ಹೊಸ ಕಾಲದ್ದೆಂದು ತಿಳಿದಿದ್ದೀರಿ. ನಿಮ್ಮ ಅಜ್ಜನನ್ನು ಕೇಳಿ, ಪಿಗ್ಮಿ ಎಂದರೇನೆಂದು ಹೇಳುತ್ತಾರೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ಪಡೆಯುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿಯಲ್ಲಿ ಅಸಲಿಗೆ ಅಪಾಯವಿರಲಿಲ್ಲ, ಸಿಪ್‌ನಲ್ಲಿ ಇದೆ. ಆದರೆ ಖರ್ಚಾಗುವ ಮೊದಲೇ ಹಣ ಎತ್ತಿಡುವ ಅಭ್ಯಾಸ ಎರಡಕ್ಕೂ ಒಂದೇ.

ಇನ್ನು ಪೋರ್ಟ್‌ಫೋಲಿಯೋ. ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಇದನ್ನು ಗಣಿತದಲ್ಲಿ ಬರೆದರು, 1990ರಲ್ಲಿ ನೊಬೆಲ್ ಪಡೆದರು. ರಜೆಗೆ ಊರಿಗೆ ಹೋದಾಗ ಅಡಿಕೆ ತೋಟ ನೋಡಿದ್ದೀರಲ್ಲ? ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ, ಅಂಚಿಗೆ ತೆಂಗು. ಅಡಿಕೆಯ ಧಾರಣೆ ಬಿದ್ದ ವರ್ಷ ಮೆಣಸು ಮನೆ ನಡೆಸುತ್ತದೆ. ಆದರೆ ಮಳೆ ಬಿಡದೆ ಹೊಡೆದ ವರ್ಷ ಅಡಿಕೆಗೆ ಕೊಳೆರೋಗ, ಮೆಣಸಿಗೆ ಸೊರಗು ರೋಗ, ಎರಡೂ ಒಟ್ಟಿಗೇ ಬರುತ್ತವೆ. ಬೆಳೆ ಎರಡಾದರೂ ಹೊಡೆತ ಒಂದೇ. ಆ ಹುಡುಗನ ಮೊಬೈಲಿನಲ್ಲಿ ಐದು ಕಂಪನಿಗಳ ಪಟ್ಟಿಯಿತ್ತು, ನಾಲ್ಕು ಐಟಿಯವು. ಸಂಬಳವೂ ಐಟಿಯದೇ. ಆ ಉದ್ಯಮ ಕುಸಿದ ದಿನ ಕೆಲಸ, ಷೇರು ಎರಡೂ ಒಟ್ಟಿಗೆ ಹೋಗುತ್ತವೆಂದು ಅವನಿಗೆ ಹೊಳೆದಿರಲಿಲ್ಲ.

ಹೊಸಬರಿಗೆ ಇಡೀ ಮಾರುಕಟ್ಟೆಯ ಸೂಚ್ಯಂಕವನ್ನೇ ಹಿಂಬಾಲಿಸುವ ಇಂಡೆಕ್ಸ್ ಫಂಡ್ ಸಾಕೆಂಬುದು ನನ್ನ ಅಭಿಪ್ರಾಯ. ಅದರ ಖರ್ಚು ಕಡಿಮೆ. ಖರ್ಚೆಂದರೆ ಸಣ್ಣ ಮಾತಲ್ಲ: ಒಂದು ಲಕ್ಷ ರೂಪಾಯಿ ಶೇ. 10ರಂತೆ ಬೆಳೆದರೆ 25 ವರ್ಷಕ್ಕೆ ಸುಮಾರು 10.8 ಲಕ್ಷ, ಖರ್ಚಿಗೆ ಶೇ. 1 ಹೋಗಿ 9ರಂತೆ ಬೆಳೆದರೆ 8.6 ಲಕ್ಷ. ಷೇರಿಗೆ ಅರುವತ್ತು, ಠೇವಣಿ-ಬಾಂಡಿಗೆ ನಲವತ್ತು ಎಂದು ನಿಶ್ಚಯಿಸಿದ್ದರೆ ವರ್ಷಕ್ಕೊಮ್ಮೆ ನೋಡಿ, ಏರುಪೇರಾಗಿದ್ದರೆ ಸರಿಮಾಡಿ. ದಿನಾ ನೋಡಬೇಡಿ.

ಆಪ್ಷನ್ಸ್, ಫ್ಯೂಚರ್ಸ್ ಬಗ್ಗೆ ಒಂದೇ ಮಾತು. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದರ ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಅಲ್ಲಿ ಕೈಯಿಟ್ಟ ಸಾಮಾನ್ಯರಲ್ಲಿ ಶೇ. 93 ಮಂದಿ ಕಳೆದುಕೊಂಡವರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು.

ಆ ಹುಡುಗನಿಗೆ ಮುಂದಿನ ವರ್ಷ ಅಕ್ಕನ ಮದುವೆಯಂತೆ. ಮೊನ್ನೆ ಫೋನ್ ಮಾಡಿ, ಅದರ ಪಾಲಿನ ಹಣವನ್ನು ಎಫ್‌ಡಿಯಲ್ಲಿಟ್ಟೆ ಎಂದ. ಮುಂದಿನ ಸಂಚಿಕೆಯಲ್ಲಿ ವಿಮೆಯ ವಿಷಯ. ನಿಮ್ಮ ಪ್ರಶ್ನೆಗಳನ್ನು ಸಂಘದ ಕಚೇರಿಗೆ ಬರೆದು ಕಳುಹಿಸಿ. ಕನ್ನಡದಲ್ಲಿ ತಪ್ಪಾದರೂ ಪರವಾಗಿಲ್ಲ, ತಿದ್ದಿಕೊಳ್ಳುತ್ತೇವೆ. ಯಾವ ಷೇರು ಎಂದು ಮಾತ್ರ ಕೇಳಬೇಡಿ.