ನಾಲ್ಕನೇ ದಿನ ಊಟ ಮಾಡ್ತು ಅಂತ ಮಾತ್ರೆ ನಿಲ್ಲಿಸಬೇಡಿ

ಈ ತಿಂಗಳು ನನಗೆ ಬಂದ ಮೆಸೇಜ್‌ಗಳಲ್ಲಿ ಹೆಚ್ಚಿನವು ಒಂದೇ ಥರ. "ಡಾಕ್ಟ್ರೇ, ನಾಯಿಗೆ ಟಿಕ್ ಫೀವರ್ ಅಂದ್ರು. ಮಾತ್ರೆ ಶುರು ಮಾಡಿದ್ವಿ, ಈಗ ಆರಾಮಾಗಿದೆ. ಇನ್ನೂ ಮೂರು ವಾರ ಕೊಡಲೇಬೇಕಾ?"

ಕೊಡಲೇಬೇಕು. ಚೀಟಿಯಲ್ಲಿ 28 ದಿನ ಅಂತ ಬರೆದುಕೊಟ್ಟರೆ ಯಾರೂ ಅಷ್ಟಾಗಿ ನಂಬಲ್ಲ, ಹಾಗಾಗಿ ಕಾರಣ ಹೇಳ್ತೀನಿ.

ಟಿಕ್ ಅಂದರೆ ಉಣ್ಣೆ ಹುಳ. ಮಲೆನಾಡಿನವರ ಬಾಯಲ್ಲಿ ಉಣುಗು. ನಮ್ಮ ಊರುಗಳ ನಾಯಿಗಳ ಮೈಮೇಲೆ ಹೆಚ್ಚಾಗಿ ಕಾಣೋದು ಕಂದು ಬಣ್ಣದ ನಾಯಿ ಉಣ್ಣೆ. ಅದು ರಕ್ತ ಹೀರುವಾಗ ಎರ್ಲಿಕಿಯಾ ಅನ್ನೋ ಬ್ಯಾಕ್ಟೀರಿಯಾ ನಾಯಿಯ ಮೈಗೆ ಸೇರಿ, ಬಿಳಿ ರಕ್ತಕಣದ ಒಳಗೇ ಮನೆ ಮಾಡುತ್ತೆ. 1935ರಲ್ಲಿ ಅಲ್ಜೀರಿಯಾದಲ್ಲಿ ಇದನ್ನು ಮೊದಲು ಗುರುತಿಸಿದರು. ಆದರೆ ಜಗತ್ತು ಇದನ್ನು ಗಂಭೀರವಾಗಿ ತಗೊಂಡಿದ್ದು ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಸೇನೆಯ ನೂರಾರು ನಾಯಿಗಳು ಸತ್ತಾಗ. ಅವುಗಳಲ್ಲಿ ಹೆಚ್ಚಿನವು ಜರ್ಮನ್ ಶೆಫರ್ಡ್. ಆ ತಳಿಗೆ ಈ ಕಾಯಿಲೆ ಇವತ್ತಿಗೂ ಜೋರಾಗೇ ಬರುತ್ತೆ.

(ಶಿವಮೊಗ್ಗ ಕಡೆಯವರು "ಇದೇನಾ ಮಂಗನ ಕಾಯಿಲೆ?" ಅಂತ ಕೇಳ್ತಾರೆ. ಅಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ಕಾಯಿಲೆಗೆ ಕಾರಣ ವೈರಸ್, ಅದನ್ನು ಹರಡೋದು ಕಾಡಿನ ಬೇರೆ ಜಾತಿಯ ಉಣುಗು.)

ಶುರುವಿನಲ್ಲಿ ದೊಡ್ಡ ಲಕ್ಷಣ ಏನೂ ಇರಲ್ಲ. ನೀವು ಆಫೀಸಿಂದ ಬಂದಾಗ ಬಾಗಿಲಿಗೆ ಓಡಿ ಬರೋ ನಾಯಿ ಬಾಲ ಮಾತ್ರ ಆಡಿಸಿ ಮಲಗೇ ಇರುತ್ತೆ. ಊಟ ಮೂಸಿ ಬಿಡುತ್ತೆ. ಮೂಗು ಮುಟ್ಟಿ ಜ್ವರ ನೋಡೋದರಿಂದ ಉಪಯೋಗ ಇಲ್ಲ, ನಾಯಿಯ ಮಾಮೂಲಿ ಉಷ್ಣತೆಯೇ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದರ ಬದಲು ತುಟಿ ಎತ್ತಿ ಒಸಡು ನೋಡಿ. ಬಣ್ಣ ಬಿಳಿಚಿದೆಯಾ, ಸೂಜಿ ಮೊನೆಯಷ್ಟು ಕೆಂಪು ಚುಕ್ಕೆ ಇದೆಯಾ? ಹೊಟ್ಟೆಯ ಕೆಳಗೆ, ಕೂದಲಿಲ್ಲದ ಕಡೆಯೂ ಅಂಥದ್ದೇ ಚುಕ್ಕೆ ಬರಬಹುದು. ಪ್ಲೇಟ್‌ಲೆಟ್ ಇಳಿದಿದೆ ಅನ್ನೋದರ ಗುರುತು ಅದು. ಮೂಗಲ್ಲಿ ರಕ್ತ ಬಂದರಂತೂ ರಾತ್ರಿಯಾದರೂ ಹೊರಡಿ.

ಈಗ 28 ದಿನದ ವಿಷಯ. ಡಾಕ್ಸಿಸೈಕ್ಲಿನ್ ಶುರುವಾದ ಎರಡು ಮೂರು ದಿನಕ್ಕೆ ಸಾಮಾನ್ಯವಾಗಿ ಜ್ವರ ಇಳಿಯುತ್ತೆ, ನಾಯಿ ತಟ್ಟೆ ನೆಕ್ಕುತ್ತೆ. ಬ್ಯಾಕ್ಟೀರಿಯಾ ಮಾತ್ರ ಇನ್ನೂ ಕಣದೊಳಗೆ ಇರುತ್ತೆ. ಅಲ್ಲಿಗೇ ಮಾತ್ರೆ ನಿಲ್ಲಿಸಿದರೆ ಅದು ಗುಲ್ಮದಲ್ಲಿ ತಣ್ಣಗೆ ಕೂತುಬಿಡಬಹುದು. ಹೊರಗಿನಿಂದ ನೋಡಿದರೆ ನಾಯಿ ಪೂರ್ತಿ ಆರೋಗ್ಯವಾಗಿರುತ್ತೆ, ವಾಕಿಂಗ್ ಹೋಗುತ್ತೆ, ಚೆಂಡು ತರುತ್ತೆ. ಹೀಗೆ ತಿಂಗಳುಗಳು, ಒಮ್ಮೊಮ್ಮೆ ವರ್ಷಗಳೇ ಕಳೆಯಬಹುದು. ಕೆಲವು ನಾಯಿಗಳಲ್ಲಿ ಆಮೇಲೆ ಅದು ಎಲುಬಿನ ಮಜ್ಜೆಗೆ ಕೈ ಹಾಕುತ್ತೆ. ಬಿಳಿ ಕಣ, ಕೆಂಪು ಕಣ, ಪ್ಲೇಟ್‌ಲೆಟ್ ಎಲ್ಲ ಹುಟ್ಟೋ ಜಾಗವೇ ಅದು.

ಶುಂಠಿ ಅಂತ ಒಂದು ಬೀದಿ ತಳಿ ಹೆಣ್ಣು ನಾಯಿ ಇತ್ತು. ಇಬ್ಬರು ಸ್ನೇಹಿತರು ಬಾಡಿಗೆ ಫ್ಲಾಟ್‌ನಲ್ಲಿ ಸಾಕಿದ್ದರು, ಇಬ್ಬರಿಗೂ ಶಿಫ್ಟ್ ಕೆಲಸ. ಮಾತ್ರೆ ಆರನೇ ದಿನಕ್ಕೆ ನಿಂತಿತ್ತು. ಒಬ್ಬ ಕೊಡ್ತಾನೆ ಅಂತ ಇನ್ನೊಬ್ಬ ಅಂದುಕೊಂಡಿದ್ದ, ಸಾಲದ್ದಕ್ಕೆ ಅದು ಚೆನ್ನಾಗಿ ತಿಂತಾ ಇತ್ತು. ಏಳು ತಿಂಗಳ ನಂತರ ಮೂಗಿಂದ ರಕ್ತ ಸುರಿಯುತ್ತಾ ಬಂತು. ನಾಯಿಗೆ ಎರಡು ಲಕ್ಷವಾದರೂ ಇರಬೇಕಾದ ಪ್ಲೇಟ್‌ಲೆಟ್ ಒಂಬತ್ತು ಸಾವಿರ ಇತ್ತು. ಬೇರೆ ನಾಯಿಯ ರಕ್ತ ಎರಡು ಸಲ ಕೊಟ್ವಿ. ಹನ್ನೊಂದನೇ ದಿನ ಹೋಯಿತು. ಅಷ್ಟೂ ದಿನ ಅವರಿಬ್ಬರೂ ರಜೆ ಹಾಕಿ ಕ್ಲಿನಿಕ್‌ನ ಬೆಂಚಿನ ಮೇಲೆ ಕೂತಿದ್ದರು. ಪ್ರೀತಿ ಕಡಿಮೆ ಇತ್ತು ಅಂತ ನಾನಂತೂ ಹೇಳಲಾರೆ. ಯಾರು ಯಾವಾಗ ಕೊಡ್ತಾರೆ ಅಂತ ಒಂದು ಪಟ್ಟಿ ಇರಲಿಲ್ಲ. ಫ್ರಿಡ್ಜ್ ಮೇಲೆ 28 ಚೌಕ ಬರೆದು ಅಂಟಿಸಿ, ಕೊಟ್ಟವರು ಟಿಕ್ ಹಾಕಲಿ. ಆ ಟಿಕ್ ಒಳ್ಳೆಯದು.

ಕೊಡೋ ರೀತಿಯೂ ಮುಖ್ಯ. ನಮ್ಮಲ್ಲಿ ಮಾತ್ರೆ ಅಡಗಿಸೋದು ಅಂದರೆ ಮೊಸರನ್ನ, ಇಲ್ಲವೇ ಹಾಲು. ಡಾಕ್ಸಿಸೈಕ್ಲಿನ್‌ಗೆ ಅದು ಸರಿಯಲ್ಲ, ಕ್ಯಾಲ್ಸಿಯಂ ಔಷಧಿಯನ್ನು ಹಿಡಿದುಕೊಂಡು ಮೈಗೆ ಹತ್ತದ ಹಾಗೆ ಮಾಡುತ್ತೆ. ರಾಗಿಯಲ್ಲೂ ಕ್ಯಾಲ್ಸಿಯಂ ಜಾಸ್ತಿ, ಹಾಗಾಗಿ ಆ ಒಂದು ತುತ್ತಿಗೆ ಮುದ್ದೆಯೂ ಬೇಡ. ಬೇಯಿಸಿದ ಕೋಳಿ ಅಥವಾ ಮೊಟ್ಟೆ ಕಲಸಿದ ಅನ್ನದ ಉಂಡೆ ಸಾಕು. ಕ್ಯಾಲ್ಸಿಯಂ, ಕಬ್ಬಿಣದ ಟಾನಿಕ್ ಇದ್ದರೆ ಎರಡು ಮೂರು ಗಂಟೆ ಅಂತರ ಇಡಿ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ ಮಾಡುತ್ತೆ. ವಾಂತಿ ಆಗ್ತಿದೆ ಅಂತಲೇ ಎಷ್ಟೋ ಜನ ನಿಲ್ಲಿಸ್ತಾರೆ. ನಿಲ್ಲಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಜ್ವರ ಅಂತ ನಿಮ್ಮ ಡ್ರಾಯರಿನ ಐಬುಪ್ರೊಫೆನ್ ಕೊಡಬೇಡಿ. ಪ್ಲೇಟ್‌ಲೆಟ್ ಇಳಿದಿರೋ ನಾಯಿಯ ಹೊಟ್ಟೆಯಲ್ಲಿ ಅದು ರಕ್ತ ಸೋರಿಸುತ್ತೆ. ಪ್ಯಾರಾಸಿಟಮಾಲ್ ಕೂಡ ನೀವಾಗಿಯೇ ಬೇಡ. ಬೆಕ್ಕಿಗಂತೂ ಅದರ ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಬೆಬೀಸಿಯಾ ಇರಬಹುದು. ಅದೂ ಉಣ್ಣೆಯಿಂದಲೇ ಬರೋದು, ಎರಡೂ ಒಟ್ಟಿಗೆ ಬರೋದೂ ಉಂಟು. ಆದರೆ ಔಷಧಿ ಬೇರೆ, ಡಾಕ್ಸಿ ಒಂದೇ ಸಾಲಲ್ಲ. ಹಾಗಾಗಿ ರಕ್ತ ಪರೀಕ್ಷೆ ಬೇಕು ಅಂದಾಗ "ಸುಮ್ಮನೆ ಬಿಲ್ ಮಾಡ್ತಾರೆ" ಅಂದುಕೊಳ್ಳಬೇಡಿ. ಕೋರ್ಸ್ ಮುಗಿದ ಮೇಲೆ ಕಿಟ್ ಟೆಸ್ಟ್ ಮತ್ತೆ ಪಾಸಿಟಿವ್ ಬಂದರೆ ಗಾಬರಿಯೂ ಬೇಡ. ಆ ಕಿಟ್ ಹುಡುಕೋದು ಪ್ರತಿಕಾಯಗಳನ್ನು, ಅವು ತಿಂಗಳುಗಟ್ಟಲೆ ಉಳೀತವೆ. ಆಗ ನೋಡಬೇಕಾದ್ದು ಪ್ಲೇಟ್‌ಲೆಟ್.

ಕೊನೆಯ ವಿಷಯ ನಾಯಿಯದ್ದಲ್ಲ, ಮನೆಯದ್ದು. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ನಾಯಿಯಿಂದ ಉದುರಿ ಗೋಡೆ ಸಂದು, ಬಾಗಿಲ ಚೌಕಟ್ಟು, ಸೋಫಾದ ಅಡಿ ಸೇರಿ ಸಾವಿರಾರು ಮೊಟ್ಟೆ ಇಡುತ್ತೆ. ಈ ಜಾತಿಗೆ ತೋಟ, ಹುಲ್ಲು ಏನೂ ಬೇಡ, ಮೂರನೇ ಮಹಡಿಯ ಫ್ಲಾಟಿನೊಳಗೇ ಪೂರ್ತಿ ಸಂಸಾರ ನಡೆಸುತ್ತೆ. ನಾಯಿಗೆ ಸ್ನಾನ ಮಾಡಿಸಿದರೆ ಮುಗೀತು ಅನ್ನೋರು ಇದನ್ನ ಮರೀತಾರೆ. ಸಂದುಗಳನ್ನು ವ್ಯಾಕ್ಯೂಮ್ ಮಾಡಿ, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಮೈಮೇಲಿರೋದನ್ನು ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೀರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ, ಬೆರಳಲ್ಲಿ ಹಿಸುಕೋದೂ ಬೇಡ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ತಿನ್ನಿಸೋ ಉಣ್ಣೆ ಮಾತ್ರೆಗಳಿವೆ, ನಾಯಿಯ ತೂಕ ನೋಡಿ ಡಾಕ್ಟರ್ ಬರೆದುಕೊಡ್ತಾರೆ. ಫಿಟ್ಸ್ ಬರೋ ನಾಯಿಯಾದರೆ ಮೊದಲೇ ಹೇಳಿ. ಮನೆಯಲ್ಲಿ ಬೆಕ್ಕೂ ಇದ್ದರೆ, ನಾಯಿಯ ಬೆನ್ನಿಗೆ ಹಾಕೋ ಡ್ರಾಪ್ಸ್‌ನಲ್ಲಿ ಪರ್ಮೆಥ್ರಿನ್ ಇದೆಯಾ ಅಂತ ಲೇಬಲ್ ಓದಿ. ಬೆಕ್ಕಿಗೆ ಅದು ವಿಷ. ಆ ನಾಯಿಯ ಪಕ್ಕ ಮಲಗಿ ಉಜ್ಜಿಕೊಂಡರೂ ತೊಂದರೆ ಆಗಬಹುದು.

ಹಬ್ಬಕ್ಕೆ ಊರಿಗೆ ಹೊರಟು ನಾಯಿಯನ್ನ ಬೋರ್ಡಿಂಗ್‌ನಲ್ಲಿ ಬಿಡೋರು ಮಾತ್ರೆಯ ಸ್ಟ್ರಿಪ್ ಜೊತೆ ಇವತ್ತಿಗೆ ಎಷ್ಟನೇ ದಿನ ಅಂತ ಚೀಟಿಯಲ್ಲಿ ಬರೆದು ಕೊಡಿ, ಮೊಸರನ್ನದಲ್ಲಿ ಬೇಡ ಅಂತಲೂ ಸೇರಿಸಿ.