ಎರಡು ವರ್ಷದ ಹಾಲು ಯಾರ ಹಕ್ಕು?

ಚುನಾವಣೆ ಹತ್ತಿರವಾದಾಗಲೆಲ್ಲ ಮುಸ್ಲಿಮರ ಮನೆಯ ತೊಟ್ಟಿಲುಗಳನ್ನು ಎಣಿಸುವವರು ವೇದಿಕೆ ಏರುತ್ತಾರೆ. ಅವರಿಗೆ ಉತ್ತರಿಸುವುದು ಕಷ್ಟವೇನಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಮುಸ್ಲಿಮ್ ಮಹಿಳೆಯೊಬ್ಬಳಿಗೆ ಸರಾಸರಿ 4.4 ಮಕ್ಕಳು, 2019-21ರ ಹೊತ್ತಿಗೆ ಅದು 2.4ಕ್ಕೆ ಇಳಿದಿತ್ತು. ಕೇರಳದ ಮುಸ್ಲಿಮ್ ಮಹಿಳೆಯರ ಸರಾಸರಿಯು ಬಿಹಾರದ ಹಿಂದೂ ಮಹಿಳೆಯರ ಸರಾಸರಿಗಿಂತ ಕಡಿಮೆ. ಧರ್ಮಕ್ಕಿಂತ ಶಿಕ್ಷಣ ಮತ್ತು ಜೀವನಸ್ಥಿತಿಯೇ ಇಲ್ಲಿ ಮುಖ್ಯ ಎಂಬುದಕ್ಕೆ ಬೇರೆ ಪುರಾವೆ ಬೇಕೇ?

ಆದರೆ ಈ ವಾಗ್ವಾದದ ಗದ್ದಲದಲ್ಲಿ ನಮ್ಮ ಮನೆಯೊಳಗೆ ಕೇಳಬೇಕಾದ ಪ್ರಶ್ನೆಯೊಂದನ್ನು ನಾವು ಮರೆತುಬಿಟ್ಟಿದ್ದೇವೆ. ಒಂದು ಹೆರಿಗೆಗೂ ಮುಂದಿನ ಗರ್ಭಕ್ಕೂ ನಡುವೆ ನಮ್ಮ ಹೆಣ್ಣು ಮಕ್ಕಳಿಗೆ ಸಿಗುವ ಬಿಡುವೆಷ್ಟು?

ಹೆರಿಗೆಯಾದ ಬಳಿಕ ಮುಂದಿನ ಗರ್ಭಧಾರಣೆಗೆ ಕನಿಷ್ಠ 24 ತಿಂಗಳ ಅಂತರವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2005ರಲ್ಲಿ ಸಲಹೆ ನೀಡಿದರು. ಅಂದರೆ ಎರಡು ಮಕ್ಕಳ ನಡುವೆ ಸುಮಾರು ಮೂರು ವರ್ಷ. ಇಷ್ಟು ಬಿಡುವಿಲ್ಲದಿದ್ದರೆ ತಾಯಿಯ ರಕ್ತ ತುಂಬಿಕೊಳ್ಳುವುದಿಲ್ಲ, ಮಗು ದಿನ ತುಂಬುವ ಮೊದಲೇ ಅಥವಾ ಕಡಿಮೆ ತೂಕದಲ್ಲಿ ಹುಟ್ಟುವ ಅಪಾಯ ಹೆಚ್ಚುತ್ತದೆ. 2019-21ರ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರ ಪೈಕಿ ಶೇ. 52 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಮೊದಲ ಬಾಣಂತನದ ಸುಸ್ತು ಆರುವ ಮುನ್ನವೇ ಎರಡನೆಯ ತಾಯಿ ಕಾರ್ಡ್ ಮಾಡಿಸಿಕೊಳ್ಳುವ ಹುಡುಗಿ ಈ ಲೆಕ್ಕದಲ್ಲಿ ಎಲ್ಲಿರುತ್ತಾಳೆಂಬುದನ್ನು ಊಹಿಸಲು ವೈದ್ಯರೇ ಬೇಕಾಗಿಲ್ಲ.

ಪವಿತ್ರ ಕುರ್‌ಆನ್‌ನ ಅಲ್ ಬಕರ ಅಧ್ಯಾಯದ 233ನೇ ಸೂಕ್ತವನ್ನು ನಾವೆಲ್ಲ ಓದಿದ್ದೇವೆ. ಸ್ತನ್ಯಪಾನದ ಪೂರ್ಣ ಅವಧಿ ಎರಡು ವರ್ಷವೆಂದೂ ಆ ಅವಧಿಯಲ್ಲಿ ತಾಯಿಯ ಅನ್ನ-ಬಟ್ಟೆಯ ಹೊಣೆ ತಂದೆಯದೆಂದೂ ಅದು ಹೇಳುತ್ತದೆ. ಅದಕ್ಕೂ ಮುನ್ನ ಹಾಲು ಬಿಡಿಸುವುದಾದರೆ ಇಬ್ಬರ ಒಪ್ಪಿಗೆ ಮತ್ತು ಸಮಾಲೋಚನೆ ಬೇಕು. ಮಗುವಿನ ನೆಪದಲ್ಲಿ ತಾಯಿಗೆ ತೊಂದರೆಯಾಗಬಾರದು. ಸೂಕ್ತದ ವಿಷಯ ಸ್ತನ್ಯವೇ ಹೊರತು ಹೆರಿಗೆಯ ಅಂತರವಲ್ಲ, ನಿಜ. ಆದರೆ ಮಗುವಿಗೆ ಎರಡು ವರ್ಷದ ಹಾಲನ್ನೂ ತಾಯಿಗೆ ಆರೈಕೆಯನ್ನೂ ಕೊಡಬೇಕೆಂದು ಒಪ್ಪುವವರು, ಆರನೇ ತಿಂಗಳಲ್ಲೇ ಆಕೆ ಮತ್ತೆ ಬಸುರಿಯಾದುದನ್ನು ಕೇವಲ 'ಅಲ್ಲಾಹನ ಇಚ್ಛೆ' ಎಂದು ಕೈತೊಳೆದುಕೊಳ್ಳಬಹುದೇ?

ಕೆಲವರು ಬಡತನದ ಭಯದಿಂದ ಮಕ್ಕಳನ್ನು ಕೊಲ್ಲಬಾರದೆಂಬ ಸೂಕ್ತವನ್ನು ಮುಂದಿಡುತ್ತಾರೆ. ಅದು ಹುಟ್ಟಿದ ಮಕ್ಕಳ ಹತ್ಯೆಯ ಕುರಿತಾದುದು. ಕುರ್‌ಆನ್ ಅವತೀರ್ಣವಾಗುತ್ತಿದ್ದ ಕಾಲದಲ್ಲೇ ತಾವು 'ಅಝ್ಲ್' ಅನುಸರಿಸುತ್ತಿದ್ದೆವೆಂದು ಸಹಾಬಿ ಜಾಬಿರ್(ರ) ವರದಿ ಮಾಡಿದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿದೆ. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿಯವರು ಇದನ್ನು ಚರ್ಚಿಸುತ್ತಾ, ಪತ್ನಿಯ ಪ್ರಾಣ ಕಾಪಾಡುವಂತಹ ಉದ್ದೇಶಗಳಿಗೆ ಅನುಮತಿಯಿದೆ ಎಂದರು. ಹೆಣ್ಣು ಹುಟ್ಟೀತೆಂಬ ಭಯದಿಂದ ಮಾಡುವುದು ಮಾತ್ರ ತಪ್ಪೆಂದರು.

ಹೆಣ್ಣು ಹುಟ್ಟೀತೆಂಬ ಭಯ! ಅದು ಇಂದು ಬೇರೊಂದು ವೇಷದಲ್ಲಿ ಬಂದಿದೆ. ಭಾರತದ ಆರೋಗ್ಯ ಸಮೀಕ್ಷೆಗಳನ್ನು ಆಧರಿಸಿ ಇಬ್ಬರು ಅರ್ಥಶಾಸ್ತ್ರಜ್ಞೆಯರು 2011ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿದ್ದೇನು? ಹೆಣ್ಣು ಮಗುವಿಗೆ ಗಂಡು ಮಗುವಿಗಿಂತ ಕಡಿಮೆ ಕಾಲ ಎದೆಹಾಲು ಸಿಗುತ್ತದೆ. ಗಂಡು ಮಗುವಿಗಾಗಿ ಬೇಗನೆ ಮತ್ತೆ ಪ್ರಯತ್ನಿಸುವುದು ಅದಕ್ಕೆ ದೊಡ್ಡ ಕಾರಣ. ಇದು ಎಲ್ಲ ಸಮುದಾಯಗಳ ರೋಗ. ಆದರೆ ಹೆಣ್ಣು ಮಗುವನ್ನು ಹೂಳುವುದನ್ನು ನಿಲ್ಲಿಸಿದ ಧರ್ಮ ನಮ್ಮದೆಂದು ಭಾಷಣ ಮಾಡುವ ನಾವು, ಹಸುಗೂಸು ಹೆಣ್ಣಿನ ಬಾಯಿಂದ ಹಾಲು ಕಸಿಯುವ ಮನೆಯಲ್ಲಿ ಅಖೀಖದ ಊಟ ಉಂಡು ಬರುತ್ತೇವೆ.

ಬಿಡುವು ಯಾರಿಗೆ ಸಿಗುತ್ತದೆಂಬುದು ಮನೆಯನ್ನು ಅವಲಂಬಿಸಿದೆ. ಅನುಕೂಲಸ್ಥ ತವರಿದ್ದರೆ ಹುಡುಗಿ ತಿಂಗಳುಗಟ್ಟಲೆ ಬಾಣಂತನ ಮುಗಿಸಿ ಬರುತ್ತಾಳೆ. ಬೀಡಿ ಕಟ್ಟಿ ಬದುಕುವ ತಾಯಿಯ ಮಗಳಿಗೆ ನಲ್ವತ್ತು ದಿನವೇ ಹೆಚ್ಚು. ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದ ಮಹಿಳೆಯರಿಗೆ 2019-21ರಲ್ಲಿ ಸರಾಸರಿ 1.8 ಮಕ್ಕಳಿದ್ದರೆ ಶಾಲೆಯ ಮುಖ ಕಾಣದವರಿಗೆ 2.8. ಹದಿಹರೆಯದಲ್ಲೇ ತಾಯಂದಿರಾದವರ ಹೆರಿಗೆಗಳ ಅಂತರ ಅತ್ಯಂತ ಕಿರಿದು. ಕರಾವಳಿಯಲ್ಲಿ ಇನ್ನೊಂದು ಲೆಕ್ಕವಿದೆ: ಗಲ್ಫ್‌ನ ರಜೆ. ಪತಿ ಬಂದು ಹೋದ ಮೇಲೆ 'ವಿಶೇಷವೇನಾದರೂ ಉಂಟಾ?' ಎಂದು ಕೇಳುವ ಅತ್ತೆ, ನಾದಿನಿ, ನೆರೆಮನೆಯವರಿಗೆ ಸೊಸೆಯ ಹಿಮೋಗ್ಲೋಬಿನ್ ಎಷ್ಟೆಂದು ಗೊತ್ತಿರುವುದಿಲ್ಲ.

ಸರಕಾರವನ್ನೂ ಇಲ್ಲಿ ಬಿಡುವಂತಿಲ್ಲ. 1976ರಲ್ಲಿ ತುರ್ತು ಪರಿಸ್ಥಿತಿಯ ದಿನಗಳಲ್ಲಿ ಬಲವಂತದ ಸಂತಾನಹರಣ ನಡೆಸಿ ಅದು ಕಳಕೊಂಡ ನಂಬಿಕೆ ಇಂದಿಗೂ ಪೂರ್ತಿ ಮರಳಿಲ್ಲ. ಕುಟುಂಬ ಯೋಜನೆಯೆಂದರೆ ಈಗಲೂ ಹೆಣ್ಣಿನ ಶಸ್ತ್ರಚಿಕಿತ್ಸೆಯೇ. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ಮಾಡಿಸಿಕೊಂಡಿದ್ದರು. ಅವಸರದಲ್ಲಿ ಎರಡು ಹೆತ್ತು, ಆಪರೇಷನ್ ಮಾಡಿಸಿ ಮುಗಿಸುವುದು ಅಂತರವಾಗುವುದಿಲ್ಲ. ಶಸ್ತ್ರಚಿಕಿತ್ಸೆಗೆ ಹಿಂಜರಿಯುವ ನಮ್ಮ ಮಹಿಳೆಯರಿಗಂತೂ ತಾತ್ಕಾಲಿಕ ವಿಧಾನಗಳ ಮಾಹಿತಿಯೇ ಮುಖ್ಯ. ಕಾಪರ್-ಟಿ ಹಿಂದಿನಿಂದಲೂ ಇದೆ. ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರ' ಚುಚ್ಚುಮದ್ದು ಮತ್ತು 'ಛಾಯಾ' ಮಾತ್ರೆಯನ್ನು 2017ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡಲಾಗುತ್ತಿದೆ. ಯಾವುದು ಯಾರಿಗೆ ಒಗ್ಗುತ್ತದೆಂಬುದನ್ನು ವೈದ್ಯರೇ ಹೇಳಬೇಕು. ಆದರೆ ಕೇಳಲು ಹೋಗುವವರು ಬೇಕಲ್ಲ?

ವಿವಾಹಪೂರ್ವ ತರಗತಿಗಳನ್ನು ನಡೆಸುವ ಜಮಾಅತ್‌ಗಳಿವೆ. ಮಹರ್, ತಲಾಕ್, ಗುಸ್ಲ್‌ನ ನಿಯಮಗಳನ್ನು ಅಲ್ಲಿ ಕಲಿಸಲಾಗುತ್ತದೆ. ಒಂದು ತಾಸನ್ನು ಮಹಿಳಾ ವೈದ್ಯರಿಗೂ ಕೊಡಲಿ. ಅಲ್ ಬಕರದ 233ನೇ ಸೂಕ್ತವನ್ನು ಉಸ್ತಾದರು ಅದೇ ದಿನ ವಿವರಿಸಲಿ. ವಧು-ವರರ ಜೊತೆ ಅವರ ತಾಯಂದಿರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಲಿ.