ಎರಡು ಔಷಧಿ ಸೇರಿಸಿದ್ರೆ ಎರಡು ಪಟ್ಟು ಗುಣ ಆಗುತ್ತಾ?

1/4
"12ಕ್ಕೆ 12 ಜನರಿಗೂ ಕ್ಯಾನ್ಸರ್ ಮಾಯ!" ಅನ್ನೋ ರೀಲ್ ನೋಡಿರ್ತೀರಿ, ಶೇರ್ ಕೂಡ ಮಾಡಿರ್ತೀರಿ. ಸುದ್ದಿ ಸುಳ್ಳಲ್ಲ. 2022ರಲ್ಲಿ ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ವೈದ್ಯರು ಗುದನಾಳದ ಕ್ಯಾನ್ಸರ್‌ಗೆ ಡೋಸ್ಟಾರ್ಲಿಮ್ಯಾಬ್ ಕೊಟ್ಟ ಫಲಿತಾಂಶ ಅದು. ಆದರೆ ರೀಲ್ ನುಂಗಿದ ವಿಷಯ ಕೇಳಿ: ಆ 12 ಜನರ ಗಡ್ಡೆಗಳಲ್ಲಿ ಡಿಎನ್ಎ ತಪ್ಪು ತಿದ್ದುವ ವ್ಯವಸ್ಥೆಯೇ ಕೆಟ್ಟಿತ್ತು. ಅಂಥ ಗಡ್ಡೆ ಇರೋದು ನೂರರಲ್ಲಿ ಐದರಿಂದ ಹತ್ತು ರೋಗಿಗಳಿಗೆ ಮಾತ್ರ. ಅವರಲ್ಲಿ ಯಾರದ್ದೂ ಮರುಕಳಿಸಿದ ಕ್ಯಾನ್ಸರ್ ಅಲ್ಲ.

2/4
ಮಿಕ್ಕವರ ಗತಿ? ಇಮ್ಯುನೊಥೆರಪಿ ಒಂದನ್ನೇ ಕೊಟ್ಟರೆ ಅವರಿಗೆ ಸಾಮಾನ್ಯವಾಗಿ ನಾಟಲ್ಲ. ಅದಕ್ಕೇ ಜೋಡಿ ಚಿಕಿತ್ಸೆಗಳ ಪ್ರಯೋಗ. "ಪ್ರಯೋಗ ಯಾಕೆ, ಎಲ್ಲಾ ಸೇರಿಸಿ ಕೊಟ್ಬಿಡಿ" ಅಂತೀರಾ? ಇಟಲಿಯ ಸ್ಟಾರ್-01 ನೋಡಿ. ಮೊದಲ ಸಲ ಗುದನಾಳದ ಕ್ಯಾನ್ಸರ್ ಬಂದ 747 ರೋಗಿಗಳು. ಒಂದು ಗುಂಪಿಗೆ ರೇಡಿಯೇಷನ್ ಜೊತೆ ಒಂದು ಕೀಮೋ ಔಷಧಿ, ಇನ್ನೊಂದಕ್ಕೆ ಅದರ ಮೇಲೆ ಆಕ್ಸಾಲಿಪ್ಲಾಟಿನ್. ಗಡ್ಡೆ ಪೂರ್ತಿ ಕರಗಿದ್ದು ಎರಡೂ ಕಡೆ ನೂರಕ್ಕೆ 16 ಜನರಿಗೆ. ತೀವ್ರ ಅಡ್ಡಪರಿಣಾಮ ಮಾತ್ರ 8ರಿಂದ 24ಕ್ಕೆ ಏರಿತು. ಹೋಲಿಸಿ ನೋಡದೇ ಇದ್ದಿದ್ರೆ, ಈ ಸಂಕಟವನ್ನೇ "ಸ್ಟ್ರಾಂಗ್ ಟ್ರೀಟ್ಮೆಂಟ್" ಅಂತ ಇವತ್ತಿಗೂ ಕೊಡ್ತಿದ್ರು.

3/4
ಕ್ಯಾನ್ಸರ್ ಮರುಕಳಿಸಿದಾಗ ಇನ್ನೂ ಕಷ್ಟ. ಗಡ್ಡೆ ಮೂತ್ರಕೋಶ, ಮೂಳೆ, ನರಗಳಿಗೆ ಅಂಟಿಕೊಂಡಿರಬಹುದು. ಆ ಜಾಗಕ್ಕೆ ಆಗಲೇ ರೇಡಿಯೇಷನ್ ಆಗಿದ್ದರೆ, ಎರಡನೇ ಸಲ ಅಳೆದು ತೂಗಿ ಕೊಡಬೇಕು. ನೆದರ್ಲೆಂಡ್ಸ್ ವೈದ್ಯರು ಶುರುಮಾಡಿದ ಪೆಲ್ವೆಕ್ಸ್ 2 ಪ್ರಯೋಗದ ಪ್ರಶ್ನೆ ಇದೇ: ಕೀಮೋ-ರೇಡಿಯೇಷನ್‌ಗೂ ಮುಂಚೆ ಇನ್ನಷ್ಟು ಕೀಮೋ ಕೊಟ್ಟರೆ, ಕತ್ತರಿಸಿದ ಅಂಚಲ್ಲಿ ಕ್ಯಾನ್ಸರ್ ಉಳಿಯದ ಹಾಗೆ ಆಪರೇಷನ್ ಮಾಡೋಕೆ ಹೆಚ್ಚು ಜನರಲ್ಲಿ ಆಗುತ್ತಾ? ಯಾರಿಗೆ ಯಾವ ಚಿಕಿತ್ಸೆ ಅನ್ನೋದು ಚೀಟಿ ಎತ್ತಿದ ಹಾಗೆ ನಿರ್ಧಾರ ಆಗುತ್ತೆ. "ಜೀವದ ಜೊತೆ ಜೂಜು" ಅಂತ ಕಾಮೆಂಟ್ ಹಾಕೋರೇ, ಯಾವುದು ಮೇಲು ಅಂತ ಯಾರಿಗೂ ಗೊತ್ತಿಲ್ಲದಾಗ ಗೊತ್ತಿರೋ ಥರ ನಟಿಸಿ ಕೊಡೋದು ಜೂಜಲ್ವಾ?

4/4
ಹಾಗಂತ ಕಣ್ಣುಮುಚ್ಚಿ ನಂಬಿ ಅಂತಿಲ್ಲ. ಭಾರತದಲ್ಲಿ 2009ರ ಜೂನ್ 15ರಿಂದ ಪ್ರಯೋಗಗಳನ್ನ ಸಿಟಿಆರ್‌ಐನಲ್ಲಿ ನೋಂದಾಯಿಸೋದು ಕಡ್ಡಾಯ. ಯಾರು ಬೇಕಾದ್ರೂ ಹುಡುಕಿ ನೋಡಬಹುದು. ಸಹಿ ಹಾಕಿದ ಮೇಲೂ ರೋಗಿ ಹೊರಗೆ ಬರಬಹುದು.

ಮುಂದಿನ ಸಲ ಇಂಥ ರೀಲ್ ಬಂದಾಗ ಮೂರು ಪ್ರಶ್ನೆ ಕೇಳಿ: ಎಷ್ಟು ಜನ? ಯಾವ ಬಗೆಯ ಗಡ್ಡೆ? ಯಾವುದರ ಜೊತೆ ಹೋಲಿಕೆ? ಉತ್ತರ ಸಿಗದಿದ್ರೆ ಶೇರ್ ಒತ್ತಬೇಡಿ. ನೀವು ಮರೆತುಬಿಡೋ ಆ ರೀಲನ್ನ ನಂಬಿ, ಯಾರದೋ ಮನೆಯವರು ಜಮೀನು ಮಾರೋಕೆ ಹೊರಟಿರ್ತಾರೆ.

#ಕ್ಯಾನ್ಸರ್ #ಕನ್ನಡದಲ್ಲಿ_ವಿಜ್ಞಾನ